ಹೊಂಡದ ಮೀನು ಸೊರಗಿದಾಗ ಕಾರಣ ಪತ್ತೆ ಹಚ್ಚುವ ಬಗೆ

ಕೃಷಿ ಹೊಂಡಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮೀನುಗಳನ್ನು ಸಾಕುವುದು ರೈತರಿಗೆ ಒಳ್ಳೆಯ ಉಪಕಸುಬು. ಆದರೆ ಹತ್ತು ತಿಂಗಳು ಸಾಕಿದ ಮೀನು ಹಿಡಿಯುವ ಹೊತ್ತಿಗೆ ಒಂದೇ ರಾತ್ರಿಯಲ್ಲಿ ಸತ್ತು ತೇಲಿದರೆ ವರ್ಷದ ಶ್ರಮವೆಲ್ಲ ವ್ಯರ್ಥ. ಇಂತಹ ವೇಳೆ ರೋಗವೆಂದು ಭಾವಿಸಿ ಔಷಧಿ ಹಾಕುವುದು, ಇಲ್ಲವೆ ಕೈಗೆ ಸಿಕ್ಕಷ್ಟು ಸುಣ್ಣ ಎರಚುವುದು ರೂಢಿಯಲ್ಲಿದೆ. ಅನೇಕ ಸಲ ದೋಷವಿರುವುದು ಮೀನಿನಲ್ಲಲ್ಲ, ನೀರಿನಲ್ಲಿ. ಮೀನು ಯಾವ ಹೊತ್ತಿನಲ್ಲಿ, ಯಾವ ರೀತಿಯಲ್ಲಿ ಸತ್ತಿತೆಂಬುದನ್ನು ಗಮನಿಸಿದರೆ ಕಾರಣದ ಸುಳಿವು ಸಿಗುತ್ತದೆ.

ನಸುಕಿನಲ್ಲಿ ಮೇಲೆ ಬಂದರೆ

ಬೆಳಗಿನ ಜಾವ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸಿ, ಬಿಸಿಲೇರಿದ ಮೇಲೆ ಕೆಳಗಿಳಿದರೆ ಅದು ಆಮ್ಲಜನಕದ ಕೊರತೆ. ಹಸಿರು ಪಾಚಿ ಹಗಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ; ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಆದುದರಿಂದ ಸೂರ್ಯೋದಯಕ್ಕೆ ಮುಂಚೆ ಅದರ ಪ್ರಮಾಣ ಅತಿ ಕಡಿಮೆ. ಲೀಟರ್ ನೀರಿನಲ್ಲಿ 5 ಮಿ.ಗ್ರಾಂ. ಆಮ್ಲಜನಕವಿದ್ದರೆ ಗೆಂಡೆಗಳಿಗೆ ಒಳ್ಳೆಯದು. 3ಕ್ಕಿಂತ ಇಳಿದರೆ ತೊಂದರೆ. ಈ ಕೊರತೆಯಲ್ಲಿ ಸಾಮಾನ್ಯವಾಗಿ ದೊಡ್ಡ ಮೀನುಗಳೇ ಮೊದಲು ಸಾಯುತ್ತವೆ. ಮೋಡ ಕವಿದ ದಿನಗಳಲ್ಲಿ ಅಪಾಯ ಹೆಚ್ಚು.

ಮಧ್ಯಾಹ್ನ ಮಂಕಾದರೆ

ಹಿಂಡಿ, ತೌಡು ಅತಿಯಾಗಿ ಹಾಕಿದಾಗ ಉಳಿದ ಆಹಾರವೂ ಮೀನಿನ ಮಲವೂ ಕೊಳೆತು ಅಮೋನಿಯಾ ಉಂಟಾಗುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಇದನ್ನು ಹೀರಿಕೊಳ್ಳಲು ತಳದ ಮಣ್ಣು ಸಿಗುವುದಿಲ್ಲ. ನೀರಿನ ರಸಸಾರ 7 ಇದ್ದಾಗ ಅಮೋನಿಯಾದ ನೂರರಲ್ಲಿ ಒಂದು ಪಾಲಿನಷ್ಟೂ ವಿಷರೂಪದಲ್ಲಿರುವುದಿಲ್ಲ. ರಸಸಾರ 9 ಆದರೆ ಮೂರನೇ ಒಂದು ಪಾಲಿಗೂ ಮಿಕ್ಕಿ ವಿಷವಾಗುತ್ತದೆ. ಪಾಚಿಗಟ್ಟಿದ ನೀರಿನಲ್ಲಿ ಮಧ್ಯಾಹ್ನದ ನಂತರ ರಸಸಾರ ಹೀಗೆ ಏರುವುದುಂಟು. ಇಂತಹ ನೀರಿಗೆ ಸುಣ್ಣ ಹಾಕಿದರೆ ರಸಸಾರ ಇನ್ನೂ ಏರಿ, ಉಳಿದ ಮೀನೂ ಸಾಯಬಹುದು. ರಸಸಾರ ನೋಡದೆ ಸುಣ್ಣ ಹಾಕಬಾರದು.

ಒಮ್ಮೆಲೇ ಸತ್ತರೆ

ಹೊತ್ತು ಯಾವುದೇ ಇರಲಿ, ಚಿಕ್ಕ ದೊಡ್ಡ ಮೀನುಗಳೆಲ್ಲ ಒಟ್ಟಿಗೆ ಸತ್ತು, ನೀರಿನ ಹುಳುಗಳೂ ಸತ್ತಿದ್ದರೆ ಕೀಟನಾಶಕವೆಂದು ಸಂಶಯಪಡಬೇಕು. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ವಿಷ. ಸಿಂಪರಣೆ ಮಾಡಿದ ಹೊಲದ ಮಳೆನೀರು ಹೊಂಡ ಸೇರದಂತೆ ಬದು ಹಾಕಬೇಕು. ಸಿಂಪರಣಾ ಯಂತ್ರವನ್ನು ಹೊಂಡದಲ್ಲಿ ತೊಳೆಯಬಾರದು.

ದಿನಕ್ಕೊಂದೆರಡು ಸತ್ತರೆ

ಸಾವು ನಿಧಾನವಾಗಿ ಮುಂದುವರಿದರೆ ಮಾತ್ರ ರೋಗ ಅಥವಾ ಪರೋಪಜೀವಿಯ ಕಡೆ ಗಮನ ಕೊಡಬೇಕು. ಮೀನು ಹೊಂಡದ ಅಂಚಿಗೆ ಮೈ ಉಜ್ಜುತ್ತಿದ್ದರೆ, ಹಾರುತ್ತಿದ್ದರೆ, ಒಂದನ್ನು ಹಿಡಿದು ನೋಡಬೇಕು. ಚಪ್ಪಟೆಯಾದ ಮೀನು ಹೇನು ಬರಿಗಣ್ಣಿಗೇ ಕಾಣುತ್ತದೆ. ಮಳೆಗಾಲ ಮುಗಿದು ಚಳಿ ಬಿದ್ದಾಗ ಮೈಮೇಲೆ ಆಳವಾದ ಹುಣ್ಣುಗಳಾದರೆ ಅದು 1988ರಲ್ಲಿ ಭಾರತಕ್ಕೆ ಕಾಲಿಟ್ಟ ಹುಣ್ಣು ರೋಗವಿರಬಹುದು.

ತಕ್ಷಣದ ಕ್ರಮಗಳು

ಮೀನು ಗುಟುಕರಿಸುತ್ತಿದ್ದರೆ ಆಹಾರವನ್ನೂ ಗೊಬ್ಬರವನ್ನೂ ಕೂಡಲೇ ನಿಲ್ಲಿಸಬೇಕು. ಪಂಪಿನಿಂದ ಹೊಂಡದ ನೀರನ್ನೇ ಎತ್ತಿ, ಮಳೆಯಂತೆ ಚದುರಿ ಬೀಳುವ ಹಾಗೆ ಮರಳಿ ಬಿಡಬೇಕು. ಅಮೋನಿಯಾ ಸಂಶಯವಿದ್ದಲ್ಲಿ ಸ್ವಲ್ಪ ನೀರು ಹೊರಹಾಕಿ ಹೊಸ ನೀರು ತುಂಬುವುದು ಲೇಸು.

ಮೊಣಕೈವರೆಗೆ ಕೈಯನ್ನು ನೀರಿನಲ್ಲಿ ಇಳಿಸಿದಾಗ ಅಂಗೈ ಮಸುಕಾಗಿ ಕಂಡರೆ ಪಾಚಿ ಹದವಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಮರೆಯಾದರೆ ಅತಿಯಾಗಿದೆ. ವಾರಕ್ಕೊಮ್ಮೆ ಹೀಗೆ ಪರೀಕ್ಷಿಸಿದರೆ ಮುನ್ಸೂಚನೆ ದೊರೆಯುತ್ತದೆ.

ಕಾರಣ ತಿಳಿಯದಿದ್ದರೆ, ಹೊಂಡಕ್ಕೆ ಏನನ್ನೂ ಹಾಕುವ ಮೊದಲು ಸ್ವಚ್ಛವಾದ ಸೀಸೆಯಲ್ಲಿ ನೀರನ್ನೂ, ಮಂಜುಗಡ್ಡೆಯಲ್ಲಿ ಈಗಷ್ಟೇ ಸತ್ತ ಮೀನನ್ನೂ ಮೀನುಗಾರಿಕೆ ಇಲಾಖೆಗೆ ಒಯ್ಯಬೇಕು. ಕೊಳೆತ ಮೀನಿನಿಂದ ರೋಗ ನಿರ್ಣಯ ಸಾಧ್ಯವಿಲ್ಲ. ಸತ್ತ ವೇಳೆ, ಹಾಕಿದ ಆಹಾರ, ಹಿಂದಿನ ದಿನದ ಹವೆ ಇವನ್ನು ಬರೆದುಕೊಂಡು ಹೋದರೆ ಸಲಹೆ ನೀಡುವವರಿಗೆ ಅರ್ಧ ಕೆಲಸ ಮುಗಿದಂತೆ.