ಕೊಡಲು ಹೊರಟವಳಿಗೆ

ಮಗಳೇ, ನರ್ಸಿಂಗ್ ಮುಗಿಸಿದ್ದೀ. ಮಂಗಳೂರಲ್ಲೇ ಕೆಲಸ ಸಿಗುವಂತಿದ್ದರೂ ಒಡಿಶಾದ ಮಯೂರ್‌ಭಂಜ್ ಜಿಲ್ಲೆಗೆ, ಕುಷ್ಠರೋಗಿಗಳ ಸೇವೆಗೆ ಹೋಗಿಯೇ ತೀರುತ್ತೇನೆ ಎಂದು ನಿಂತಿದ್ದೀ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕರು ನಿನ್ನನ್ನು ಮುಂದೆ ಕರೆದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸುತ್ತಾರೆ. ಅವತ್ತು ಎಲ್ಲರ ಬಾಯಲ್ಲೂ ನಿನ್ನ ತ್ಯಾಗದ ಮಾತೇ, ನೀನು ಅಲ್ಲಿಯ ಜನಕ್ಕೆ ಕೊಡಲಿರುವುದರ ಮಾತೇ. ಅದೆಲ್ಲ ನಿನ್ನ ತಲೆಗೇರುವ ಮೊದಲು ಈ ದೊಡ್ಡಮ್ಮನದೊಂದು ಮಾತು ಕೇಳು. ನನ್ನ ದುಡಿಮೆಯ ಬಹುಭಾಗ ಆ ಸೀಮೆಯಲ್ಲೇ ಕಳೆದಿದೆ. ಉತ್ಸಾಹದಿಂದ ಬಂದು ವರ್ಷ ತುಂಬುವ ಮೊದಲೇ ಬಸವಳಿದು ಹೊರಟುಹೋದ ಹುಡುಗ ಹುಡುಗಿಯರನ್ನು ಕಂಡಿದ್ದೇನೆ. ಅವರೆಲ್ಲ ಧಾರಾಳಿಗಳೇ. ಕೊಡುವುದರಲ್ಲಿ ಯಾರೂ ಹಿಂದೆ ಬೀಳಲಿಲ್ಲ. ಅಲ್ಲಿಯ ಜನರ ಕೈಯಿಂದ ತೆಗೆದುಕೊಳ್ಳಲು, ಅವರ ಋಣದಲ್ಲಿರಲು ಮಾತ್ರ ಅವರಿಗೆ ಬರಲಿಲ್ಲ. ನೀನು ಅದನ್ನು ಕಲಿ.

ಇದು ಮೊದಲ ಬೇಸಿಗೆಯಲ್ಲೇ ನಿನ್ನೆದುರು ಬಂದು ನಿಲ್ಲುತ್ತದೆ. ಅಲ್ಲಿಯ ಬಿಸಿಲು ನಮ್ಮ ಕರಾವಳಿಯ ಬೆವರಿನ ಸೆಕೆಯಂಥದ್ದಲ್ಲ, ಬಾಯಿ ಒಣಗಿಸುವ ಬಿಸಿಲು. ಅದಕ್ಕೆ ಅವರ ಮದ್ದು ಪಖಾಳ. ರಾತ್ರಿ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆಗೆ ಸಣ್ಣಗೆ ಹುಳಿ ಬಂದದ್ದನ್ನು ನೀರಿನ ಸಮೇತ ಉಣ್ಣುತ್ತಾರೆ. ಜೊತೆಗೆ ಹಸಿ ಈರುಳ್ಳಿ, ಹಸಿಮೆಣಸು, ಉದ್ದಿನ ಹಿಟ್ಟಿನಲ್ಲಿ ಮಾಡಿ ಒಣಗಿಸಿದ ಬಡಿಯನ್ನು ಹುರಿದು ಪುಡಿ ಮಾಡಿದ್ದು. ನಮ್ಮ ವಾರ್ಡಿನಲ್ಲಿ ಒಬ್ಬ ಮುದುಕಿ ಇದ್ದಳು. ಮದುವೆಯಾದ ಹೊಸತರಲ್ಲೇ ಮೈಮೇಲೆ ಮಚ್ಚೆ ಕಂಡು ಗಂಡನ ಮನೆಯವರು ಹೊರಗೆ ಹಾಕಿದವಳು. ಬೆರಳುಗಳೆಲ್ಲ ಮೊಂಡಾಗಿದ್ದವು. ಒಂದು ಮಧ್ಯಾಹ್ನ ಅಲ್ಯೂಮಿನಿಯಂ ಬಟ್ಟಲನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು, ನೀರು ತುಳುಕದಂತೆ ಹೆಜ್ಜೆ ಎಳೆಯುತ್ತ ಜಗುಲಿಗೆ ಬಂದು ನನ್ನೆದುರು ಇಟ್ಟಳು. ಅವಳ ಪಾಲಿನ ಪಖಾಳ. ಮೆಣಸಿನಕಾಯಿ ಬಟ್ಟಲಿನ ಅಂಚಿನಲ್ಲಿ ಸಿಕ್ಕಿಸಿದ್ದಳು. ಆಯಾಗಳು, ಕಾಂಪೌಂಡರು, ಉಳಿದ ರೋಗಿಗಳು, ಎಲ್ಲರ ಕಣ್ಣೂ ನನ್ನ ಕೈಯ ಮೇಲೆ. ನಾನು ಕೂತು ಉಂಡೆ. ಬಟ್ಟಲಲ್ಲಿ ಏನೂ ಉಳಿಸಲಿಲ್ಲ.

ಮಾರನೆಯ ದಿನ ಡ್ರೆಸ್ಸಿಂಗ್ ಹೊತ್ತಿಗೆ ಆಕೆ ತಾನಾಗಿ ಎಡಗಾಲು ಚಾಚಿದಳು. ಹಿಮ್ಮಡಿಯಲ್ಲಿ ಹುಣ್ಣು. ಸಿಸ್ಟರು ಬೈದಾರೆಂದು ಎಷ್ಟೋ ದಿನದಿಂದ ಸೀರೆಯ ಅಂಚಿನಲ್ಲಿ ಮುಚ್ಚಿಕೊಂಡೇ ಓಡಾಡಿದ್ದಳು. ಆ ಬಟ್ಟಲು ನಾನು ಬೇಡವೆಂದಿದ್ದರೆ ಆ ಕಾಲು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಅವಳ ಕೈಯಿಂದ ಒಂದು ತುತ್ತು ತೆಗೆದುಕೊಂಡವರು ಬಹುಕಾಲದಿಂದ ಯಾರೂ ಇರಲಿಲ್ಲ, ಅವಳ ಹೆತ್ತವರೂ ಸೇರಿ. ಮಾತ್ರೆ ಕೊಡುವವರು ಎಷ್ಟೋ ಜನ ಬಂದು ಹೋಗಿದ್ದರು.

ಹೆದರಬೇಡ, ರೋಗದ ಲೆಕ್ಕ ನಿನಗೆ ಗೊತ್ತಿದೆ. ಮನೆಯವರಿಗೂ ಕೂರಿಸಿ ಹೇಳು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ಮೈಗೆ ಈ ರೋಗಾಣುವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಮೂರೂ ಸೇರಿದ ಎಂಡಿಟಿ ಚಿಕಿತ್ಸೆ ಶುರುವಾದ ಮೇಲೆ ರೋಗಿಯಿಂದ ಬೇರೆಯವರಿಗೆ ಹರಡುವ ಭಯ ಬೇಗ ಹೋಗುತ್ತದೆ. ಆರು ತಿಂಗಳು ಇಲ್ಲವೇ ಒಂದು ವರ್ಷದ ಔಷಧ, ಅದೂ ಪುಕ್ಕಟೆ. 2005ರ ಕೊನೆಗೆ ದೇಶದ ಮಟ್ಟದಲ್ಲಿ ರೋಗಿಗಳ ಸಂಖ್ಯೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿದಿದೆ ಎಂದು ಸರಕಾರ ಸಾರಿತು. ಆದರೆ ರೋಗ ಹೋದರೂ ಜೋಮು ಹೋಗುವುದಿಲ್ಲ. ನಿನ್ನ ಕೆಲಸವೆಲ್ಲ ಆ ಜೋಮು ಹಿಡಿದ ಕೈಕಾಲುಗಳ ಜೊತೆಗೇ.

ಈ ವಿಷಯದಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರನ್ನು ನೆನೆಯದೆ ಇರಲಾರೆ. ಮಿಷನರಿ ದಂಪತಿಗಳ ಮಗನಾಗಿ 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದವರು, ಮುಂದೆ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಮಡಚಿಹೋದ ಬೆರಳುಗಳಿಗೆ ಸ್ನಾಯುರಜ್ಜು ಜೋಡಿಸುವ ಶಸ್ತ್ರಚಿಕಿತ್ಸೆ ಮಾಡಿ ಜಗತ್ತಿಗೇ ದಾರಿ ತೋರಿಸಿದವರು. ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂದು ವೈದ್ಯರೂ ನಂಬಿದ್ದ ಕಾಲ ಅದು. ಅವರು ರೋಗಿಗಳ ಜೊತೆ ಕೂತು ನೋಡಿದರು, ಕೇಳಿದರು. ಒಲೆಯ ಬಿಸಿ ಪಾತ್ರೆ, ತುಕ್ಕು ಹಿಡಿದ ಬೀಗದ ಕೈ, ಚಪ್ಪಲಿಯೊಳಗಿನ ಮೊಳೆ, ಇಂಥವೇ ನೋವು ತಿಳಿಯದ ಅಂಗವನ್ನು ಚೂರು ಚೂರಾಗಿ ತಿನ್ನುತ್ತಿದ್ದವು. ರಾತ್ರಿ ಮಲಗಿದ್ದಾಗ ಇಲಿ ಬಂದು ಬೆರಳು ಕಡಿದರೂ ಎಚ್ಚರವಾಗದು. ಅದು ತಿಳಿದ ಮೇಲೆ ಅವರ ರೋಗಿಗಳು ಬೆಕ್ಕು ಸಾಕಿದರು. ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ಅಷ್ಟು ದೊಡ್ಡ ಸರ್ಜನ್ ಕಲಿತದ್ದು ರೋಗಿಗಳ ಗುಡಿಸಲಿನಲ್ಲಿ. ನೀನೂ ವಾರ್ಡಿನಲ್ಲಿ ಮಾತ್ರ ನೋಡಿ ಸುಮ್ಮನಾಗಬೇಡ. ಅವರ ಅಡುಗೆಮನೆಗೆ ಹೋಗು. ಒಲೆಯ ಮುಂದೆ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂರು.

ದೂರದೂರಿನ ಸೇವೆ ನಮ್ಮ ಸಭೆಗೆ ಹೊಸದಲ್ಲ. ಒಂದು ಕಾಲಕ್ಕೆ ನಮ್ಮ ಮಂಗಳೂರೇ ದೂರದೂರು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದಾಗ ಸುಯೆಜ್ ಕಾಲುವೆಯೇ ಇರಲಿಲ್ಲ. ಊರಿಗೆ ಬರೆದ ಕಾಗದಕ್ಕೆ ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಇಲ್ಲಿ ಹುಟ್ಟಿದ ಮಕ್ಕಳನ್ನು ಆರೇಳು ವರ್ಷವಾಗುವಷ್ಟರಲ್ಲಿ ಓದಿಗೆಂದು ಯುರೋಪಿಗೆ ಹಡಗು ಹತ್ತಿಸುವ ಪದ್ಧತಿ ಬೇರೆ. ಆ ತಾಯಂದಿರ ಸಂಕಟ ನೆನೆದರೆ ಈಗಲೂ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಆ ಮಿಷನರಿಗಳಲ್ಲಿ ಯಾರು ಇಲ್ಲಿಯವರ ಮನಸ್ಸಿನಲ್ಲಿ ಉಳಿದರು ನೋಡು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಶುರುಮಾಡಿದರು, ಆ ದಿನವನ್ನೇ ನಾವು ಕನ್ನಡ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಅದು ಅವರು ಕೊಟ್ಟದ್ದು. ತೆಗೆದುಕೊಂಡದ್ದನ್ನೂ ನೋಡು. ಹರಿದಾಸರ ಹಾಡುಗಳನ್ನು ಕೂಡಿಸಿ ಅಚ್ಚು ಹಾಕಿಸಿದರು, ಜೈಮಿನಿ ಭಾರತ, ಬಸವಪುರಾಣಗಳನ್ನು ಹೊರತಂದರು. ಯೇಸುವಿನ ಸುವಾರ್ತೆ ಸಾರಲು ಬಂದ ಪಾದ್ರಿ ದಾಸರ ಪದಗಳ ಮುಂದೆ ಶಿಷ್ಯನ ಹಾಗೆ ಕೂತದ್ದು ಸಣ್ಣ ಮಾತಲ್ಲ. ಫರ್ಡಿನಂಡ್ ಕಿಟೆಲ್ ಬಂದದ್ದು 1853ರಲ್ಲಿ, ಇಪ್ಪತ್ತೊಂದರ ಹುಡುಗ, ಸುಮಾರು ನಿನ್ನ ವಯಸ್ಸು. ಕನ್ನಡಿಗರ ನಡುವೆ ಕನ್ನಡಿಗನಾಗಿಯೇ ಬದುಕಬೇಕೆಂಬ ಅವರ ಹಟ ಮಿಷನ್ನಿನ ಹಿರಿಯರಿಗೆ ಹಿಡಿಸಲಿಲ್ಲ. 1864ರಲ್ಲಿ ಹೆಂಡತಿ ತೀರಿಕೊಂಡಳು. ಅಷ್ಟಾದರೂ ಪಂಡಿತರ ಹತ್ತಿರ ಹಳಗನ್ನಡ ಓದುತ್ತ, ಬೀದಿಯ ಗಾದೆಗಳನ್ನು ಬರೆದುಕೊಳ್ಳುತ್ತ ಹೋದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ ಸಂಪಾದಿಸಿದರು, 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟು ನಮ್ಮ ಮಂಗಳೂರಿನಲ್ಲೇ ಅಚ್ಚಾಯಿತು. ಬಂದು ನಲವತ್ತೊಂದು ವರ್ಷದ ಮೇಲೆ. ಆ ಎಪ್ಪತ್ತು ಸಾವಿರದಲ್ಲಿ ಒಂದನ್ನಾದರೂ ಕಿಟೆಲ್ ಊರಿಂದ ತಂದಿರಲಿಲ್ಲ, ಎಲ್ಲವೂ ನಮ್ಮವರ ಬಾಯಿಂದ, ನಮ್ಮವರ ಓಲೆಗರಿಯಿಂದ ಪಡೆದವು. ಅವರ ಪ್ರಸಂಗಗಳು ಇವತ್ತು ಯಾರಿಗೆ ನೆನಪಿವೆ?

ನಿನಗೆ ಒಡಿಯಾ ಒಂದೇ ಸಾಲದು. ಹಳ್ಳಿಗಳಿಂದ ಬರುವವರಲ್ಲಿ ಬಹಳ ಜನ ಸಂತಾಲರು. ಮೊದಲ ದಿನವೇ ಕೈ ಮುಗಿದು ‘ಜೋಹಾರ್’ ಎನ್ನು, ಅರ್ಧ ಸಂಕೋಚ ಕಳೆಯುತ್ತದೆ. ಅವರ ಭಾಷೆಗೆ ಓಲ್ ಚಿಕಿ ಲಿಪಿ ಮಾಡಿಕೊಟ್ಟ ಪಂಡಿತ ರಘುನಾಥ ಮುರ್ಮು ಅದೇ ಮಯೂರ್‌ಭಂಜಿನವರು, 1925ರ ಮಾತು. ನಮಗೆ ಕಿಟೆಲ್ ಹೇಗೋ ಸಂತಾಲಿಗೆ ಹಾಗೆ ನಾರ್ವೆಯ ಬೋಡಿಂಗ್ ಎಂಬ ಮಿಷನರಿ, ಐದು ಸಂಪುಟದ ನಿಘಂಟು ಮಾಡಿದರು. ನೀನು ನಿಘಂಟು ಬರೆಯಬೇಕಿಲ್ಲ. ಅಲ್ಲಿಯ ಆಯಾ ಒಬ್ಬಳನ್ನು ಗುರುವೆಂದು ಹಿಡಿ, ತಪ್ಪಿದಾಗ ಅವಳು ನಕ್ಕರೆ ನಗಲಿ. ದಿನವೆಲ್ಲ ಆಜ್ಞೆ ಕೇಳುವವಳಿಗೆ ನಿನಗೆ ಕಲಿಸುವ ಗಳಿಗೆ ಎಷ್ಟು ಹಿತ ಕೊಡುತ್ತದೆಂದು ನೀನೇ ಕಾಣುತ್ತೀ.

ಅವರ ಹಬ್ಬದ ದಿನ ಕ್ವಾರ್ಟರ್ಸಿನ ಬಾಗಿಲು ಹಾಕಿಕೊಂಡು ಕೂರಬೇಡ. ಬಾರಿಪದದ ರಥಯಾತ್ರೆಯಲ್ಲಿ ಸುಭದ್ರೆಯ ರಥವನ್ನು ಹೆಂಗಸರೇ ಎಳೆಯುತ್ತಾರೆ, 1975ರಿಂದ ನಡೆದುಬಂದ ಪದ್ಧತಿ. ಚೈತ್ರದಲ್ಲಿ ಛವು ನೃತ್ಯ, ಮಯೂರ್‌ಭಂಜಿನದರಲ್ಲಿ ಮುಖವಾಡ ಹಾಕುವುದಿಲ್ಲ, ಮೈಯೇ ಎಲ್ಲವನ್ನೂ ಹೇಳಬೇಕು. ಬೀದಿಯ ಬದಿಯಲ್ಲಿ ನಿಂತು ನೋಡು, ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನು. ನಿನ್ನ ವಿಶ್ವಾಸ ಅಷ್ಟಕ್ಕೆ ಅಲುಗುವಂಥದ್ದಾಗಿದ್ದರೆ ನೀನು ಇಷ್ಟು ದೂರ ಹೋಗುತ್ತಲೇ ಇರಲಿಲ್ಲ.

ವಿಶ್ವಾಸದ ಮಾತು ಬಂತು, ಬಿಚ್ಚಿಯೇ ಹೇಳುತ್ತೇನೆ. ಬಲವಂತ, ಮೋಸ, ಆಮಿಷದಿಂದ ಮತಾಂತರ ಮಾಡುವುದನ್ನು ತಡೆಯುವ ಕಾಯ್ದೆ ಒಡಿಶಾದಲ್ಲಿ 1967ರಿಂದ ಇದೆ. ಹೋಗುವ ಮೊದಲು ಅದನ್ನು ಓದಿಕೋ. ಕಾಯ್ದೆ ಇಲ್ಲದಿದ್ದರೂ ನಮಗೆ ಕರ್ತನ ಮಾದರಿ ಇದೆ. ಹತ್ತು ಮಂದಿ ಕುಷ್ಠರೋಗಿಗಳನ್ನು ಶುದ್ಧಮಾಡಿದಾಗ ಸ್ತುತಿಸುತ್ತ ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು. ಬಾರದ ಒಂಬತ್ತು ಮಂದಿಯ ಗುಣವನ್ನು ಯೇಸು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಿನ್ನ ಕೈಯ ಮಾತ್ರೆಗೂ ನಿನ್ನ ಪ್ರಾರ್ಥನೆಗೂ ಗಂಟು ಹಾಕಬೇಡ. ರೋಗಿ ತಾನಾಗಿ ಪ್ರಾರ್ಥಿಸು ಎಂದರೆ ಪ್ರಾರ್ಥಿಸು. ನೀನು ಯಾಕೆ ಮನೆ ಬಿಟ್ಟು ಬಂದೆ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳು. ಹಸಿದವನಿಗೆ, ಹುಣ್ಣಿನವನಿಗೆ ಬೇಡ ಎನ್ನುವ ಸ್ವಾತಂತ್ರ್ಯವಿಲ್ಲದಾಗ ಅವನ ಹೂಂ ಎನ್ನುವುದಕ್ಕೆ ಬೆಲೆಯಿಲ್ಲ.

ನಿನ್ನ ಅಮ್ಮನ ಭಯ ಏನೆಂದು ನನಗೆ ಗೊತ್ತು, ಅವಳು ಬಾಯಿಬಿಟ್ಟು ಹೇಳುವುದಿಲ್ಲ. 1965ರಲ್ಲಿ ಆಸ್ಟ್ರೇಲಿಯದಿಂದ ಬಾರಿಪದಕ್ಕೆ ಬಂದು ಕುಷ್ಠರೋಗಿಗಳ ನಡುವೆ ದುಡಿದ ಗ್ರಹಾಂ ಸ್ಟೇನ್ಸ್, ಅವರ ಮಕ್ಕಳಾದ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ, ಮೂವರನ್ನೂ 1999ರ ಜನವರಿಯಲ್ಲಿ ಮನೋಹರಪುರದಲ್ಲಿ ಜೀಪಿನೊಳಗೇ ಸುಟ್ಟರು. ಆ ಸುದ್ದಿ ಕೇಳಿದ ಪೀಳಿಗೆ ನಮ್ಮದು. ನಾನು ನಿನಗೆ ಹೇಳುವುದು ಗ್ರಹಾಂ ಅವರ ಹೆಂಡತಿ ಗ್ಲ್ಯಾಡಿಸ್ ಅವರ ವಿಷಯ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಆಕೆ ಕೊಂದವರನ್ನು ಕ್ಷಮಿಸಿದೆನೆಂದರು, ಮತ್ತೈದು ವರ್ಷ ಅಲ್ಲೇ ಉಳಿದು ಕುಷ್ಠಧಾಮ ನಡೆಸಿದರು. 2005ರಲ್ಲಿ ಸರಕಾರ ಪದ್ಮಶ್ರೀ ಕೊಟ್ಟಿತು. ಆಕೆಗೆ ಅಷ್ಟು ದಿನ ಅಲ್ಲಿ ನಿಲ್ಲುವ ಬಲ ದೇವರಿಂದ ಬಂತು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ದೇವರು ಅದನ್ನು ಯಾರ ಕೈಯಲ್ಲಿ ಕಳಿಸಿರಬೇಕು? ಸುತ್ತ ಇದ್ದವರು ಅದೇ ರೋಗಿಗಳು, ಅದೇ ಊರಿನ ನೆರೆಹೊರೆ. ಅಮ್ಮನಿಗೆ ಈ ಭಾಗವನ್ನೂ ಹೇಳು.

ಇನ್ನು ಸಣ್ಣಪುಟ್ಟವು. ಒಡಿಶಾದ ಕಾಡುಸೀಮೆಯ ಮಲೇರಿಯ ಕೆಟ್ಟದ್ದು, ಮಿದುಳಿಗೇರುವ ಜಾತಿಯದು. ಸೊಳ್ಳೆಪರದೆ ಬಿಟ್ಟು ಒಂದು ರಾತ್ರಿಯೂ ಮಲಗಬೇಡ, ಚಳಿಜ್ವರ ಬಂದರೆ ಅವತ್ತೇ ರಕ್ತ ತೋರಿಸು. ಹಾಸಿಗೆ ಹಿಡಿದಾಗ ಅಲ್ಲಿಯವರು ಗಂಜಿ ತಂದು ಕೊಡುತ್ತಾರೆ, ನರ್ಸು ನಾನು ಎಂಬ ಬಿಂಕ ಬಿಟ್ಟು ಕುಡಿ. ದಿನಾ ರಾತ್ರಿ ಅಮ್ಮನಿಗೆ ವಿಡಿಯೊ ಕಾಲ್ ಮಾಡಬೇಡ, ಮೊದಲ ವರ್ಷವಂತೂ ವಾರಕ್ಕೊಮ್ಮೆ ಸಾಕು. ಸಂಜೆಯ ಆ ಹೊತ್ತಿನಲ್ಲೇ ಒಂಟಿತನ ಕಾಡುವುದು, ಆ ಹೊತ್ತಿನಲ್ಲೇ ಪಕ್ಕದ ಮನೆಯ ಜಗುಲಿಗೆ ಕಾಲು ಹೋಗುವುದು. ಫೋನು ಕೈಯಲ್ಲಿದ್ದರೆ ಹೋಗುವುದಿಲ್ಲ. ಅಳು ಬಂದರೆ ಅವರ ಮುಂದೆಯೇ ಅಳು. ಕ್ರಿಸ್ಮಸ್ಸಿನ ರಾತ್ರಿ ಕುಸ್ವಾರ್ ತಿಂಡಿ ನೆನಪಾಗಿ ಅತ್ತ ಹುಡುಗಿಗೆ ಅಲ್ಲಿಯ ಹೆಂಗಸರು ಬಿಸಿ ಬಿಸಿ ಪಿಠಾ ಮಾಡಿ ತಂದದ್ದನ್ನು ನಾನೇ ನೋಡಿದ್ದೇನೆ.

ಕೊನೆಯದಾಗಿ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಇಲ್ಲಿಂದ ಸಭೆಯವರು ಫೋಟೊ ಕೇಳುತ್ತಾರೆ. ಮೊಂಡು ಬೆರಳು, ಹುಣ್ಣಿನ ಕಾಲು ಕಂಡರೆ ಕಾಣಿಕೆ ಹೆಚ್ಚು ಬೀಳುತ್ತದೆಂದು ಒಳ್ಳೆಯ ಮನಸ್ಸಿನವರೇ ಹೇಳುತ್ತಾರೆ. ಕಳಿಸಬೇಡ. ನಿನಗೆ ಉಣಬಡಿಸಿದವರ ಮೈಯನ್ನು ಪರದೆಯ ಮೇಲೆ ತೋರಿಸಿ ದುಡ್ಡು ಕೂಡಿಸಲಾಗದು. ರಜೆಗೆ ಬಂದಾಗ ಪ್ರಾರ್ಥನಾಕೂಟದಲ್ಲಿ ಮಾತಾಡು ಎನ್ನುತ್ತಾರೆ, ಆಗ ಅವರಿಂದ ನೀನು ಕಲಿತದ್ದನ್ನು ಹೇಳು. ದುಡ್ಡಿನ ಅಗತ್ಯವಂತೂ ನಿಜ. ಜೋಮು ಹಿಡಿದ ಕಾಲನ್ನು ದಿನಾ ಇಪ್ಪತ್ತು ನಿಮಿಷ ತಣ್ಣೀರಲ್ಲಿ ನೆನೆಸಿ, ದಡ್ಡುಗಟ್ಟಿದ ಚರ್ಮ ಉಜ್ಜಿ, ಎಣ್ಣೆ ಹಚ್ಚಿದರೂ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ಇಲ್ಲದಿದ್ದರೆ ಹುಣ್ಣು ಮರುಕಳಿಸುತ್ತದೆ, ಆ ಚಪ್ಪಲಿ ಸವೆಯುತ್ತಲೇ ಇರುತ್ತದೆ. ಅಲ್ಲಿಗೆ ಹೋಗಿ ಒಂದು ತಿಂಗಳೊಳಗೆ ಯಾರ್ಯಾರಿಗೆ ಬೇಕು, ಯಾವ ಅಳತೆ ಎಂದು ಪಟ್ಟಿ ಮಾಡಿ ನನಗೆ ಕಳಿಸು. ಸ್ತ್ರೀ ಸಂಘದವರ ಹತ್ತಿರ ಫೋಟೊ ತೋರಿಸದೆಯೇ ದುಡ್ಡು ಎತ್ತುವುದು ನನ್ನ ಕೆಲಸ.