ಮುಳ್ಳು ನಿಂತಲ್ಲೇ ನಿಲ್ಲುತ್ತಿದೆಯೇ?

ಬಣ್ಣ ಒಮ್ಮೆ ಹೊಗೆಯಂತೆ, ಒಮ್ಮೆ ಹನಿಹನಿಯಾಗಿ ಬಂದರೆ ಗ್ಯಾರೇಜಿನಲ್ಲಿ ಮೊದಲು ಬೈಗುಳ ತಿನ್ನುವುದು ಸ್ಪ್ರೇ ಗನ್ನು. ಆಮೇಲೆ ಥಿನ್ನರು. ಎರಡೂ ಸರಿಯಿದ್ದರೆ ಕಂಪ್ರೆಸರೇ ಹೋಯಿತು ಅಂತ ತೀರ್ಪು. ಟ್ಯಾಂಕಿಗೂ ಪೈಪಿಗೂ ನಡುವೆ ಮುಷ್ಟಿಗಾತ್ರಕ್ಕೆ ಕೂತಿರುವ ರೆಗ್ಯುಲೇಟರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಅದನ್ನು ಬಿಚ್ಚದೆಯೇ ಪರೀಕ್ಷಿಸಬಹುದು. ಬೇಕಾದದ್ದು ಒಂದು ಬ್ಲೋ ಗನ್, ಒಂದು ಲೋಟ ಸೋಪಿನ ನೀರು, ಹೊರದಾರಿ ಮುಚ್ಚಲು ಒಂದು ಕಾಕ್.

1. ಯಾವ ಮೀಟರ್ ಯಾವುದರದು ಅಂತ ಮೊದಲು ನೋಡಿ
ಒಂದು ಟ್ಯಾಂಕಿನದು, ಇನ್ನೊಂದು ರೆಗ್ಯುಲೇಟರ್ ದಾಟಿ ಬಂದ ಗಾಳಿಯದು. ಮೋಟರ್ ಆನ್ ಆಗುವುದೂ ಆಫ್ ಆಗುವುದೂ ಪ್ರೆಷರ್ ಸ್ವಿಚ್ಚಿನ ಕೆಲಸ. ಟ್ಯಾಂಕಿನ ಮುಳ್ಳು ಇಳಿಯಿತೆಂದು ರೆಗ್ಯುಲೇಟರಿನ ತಿರುಪು ಬಿಗಿ ಮಾಡುವವರನ್ನು ನೋಡಿದ್ದೇನೆ. ನಲ್ಲಿ ತಿರುಗಿಸಿದರೆ ಸಂಪು ತುಂಬುತ್ತದೆಯೇ?

2. ಟ್ಯಾಂಕ್ ಖಾಲಿಯಿದ್ದಾಗ ಎರಡೂ ಮುಳ್ಳು ಸೊನ್ನೆಯಲ್ಲಿರಬೇಕು
ಗಾಳಿ ಬಿಟ್ಟು, ಕೆಳಗಿನ ಡ್ರೇನ್ ತೆಗೆದು ನೀರನ್ನೂ ಹರಿಸಿ. ಗಾಳಿಯಿಲ್ಲದಿದ್ದರೂ ಮುಳ್ಳು 10ರ ಮೇಲೆ ಕೂತಿದ್ದರೆ ಮೊದಲು ಮೀಟರ್ ಬದಲಿಸಿ. ಸುಳ್ಳು ತಕ್ಕಡಿ ಇಟ್ಟುಕೊಂಡು ತೂಕ ಹಾಕಿ ಏನು ಪ್ರಯೋಜನ? ಅಂಕಿಗಳ ಮೇಲೂ ಒಂದು ಕಣ್ಣಿರಲಿ. ‘6 ಕೆಜಿ ಇಡು’ ಅಂದರೆ ಸುಮಾರು 85 ಪಿಎಸ್‌ಐ. ಹುಡುಗ 60 ಪಿಎಸ್‌ಐಗೆ ಇಟ್ಟರೆ ಅದು 4 ಕೆಜಿಯ ಹತ್ತಿರ ಮಾತ್ರ.

3. ತಿರುಪು ಪೂರ್ತಿ ಸಡಿಲಿಸಿ ಟ್ಯಾಂಕ್ ತುಂಬಿಸಿ
ಹೊರದಾರಿಯ ಕಾಕ್ ಮುಚ್ಚಿರಲಿ. ಟ್ಯಾಂಕ್ ತುಂಬಿ ಮೋಟರ್ ನಿಂತ ಮೇಲೆ ಕರೆಂಟಿನ ಸ್ವಿಚ್ಚನ್ನೂ ಆರಿಸಿ. ತಿರುಪು ಸಡಿಲವಾಗಿರುವಷ್ಟು ಹೊತ್ತು ಹೊರದಾರಿಯ ಮುಳ್ಳು ಅಲುಗಾಡಬಾರದು. ಈಗ ಗಡಿಯಾರದ ದಿಕ್ಕಿಗೆ ನಿಧಾನ ತಿರುಗಿಸಿದರೆ ಅದು ಕೈ ಹಿಡಿದಂತೆ ಜೊತೆಯಲ್ಲೇ ಏರಬೇಕು. ತಿರುಪು ಅಲುಗಾಡದಿದ್ದರೆ ಪ್ಲೈಯರ್ ತರಬೇಡಿ. ಬಹಳಷ್ಟು ಮಾದರಿಗಳಲ್ಲಿ ತಿರುಪನ್ನು ಮೇಲಕ್ಕೆ ಎಳೆದು ಲಾಕ್ ಬಿಡಿಸಬೇಕು.

4. 30ಕ್ಕೆ ಇಟ್ಟು ಹತ್ತು ನಿಮಿಷ ಸುಮ್ಮನೆ ಕೂರಿ
ನಿಜವಾದ ಪರೀಕ್ಷೆ ಇದೇ, ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಒಳಗೆ ನಡೆಯುವುದು ಇಷ್ಟು: ತಿರುಪು ಒಂದು ಸ್ಪ್ರಿಂಗನ್ನು ಒತ್ತುತ್ತದೆ, ಸ್ಪ್ರಿಂಗ್ ರಬ್ಬರಿನ ಡಯಾಫ್ರಾಮನ್ನು ಒತ್ತುತ್ತದೆ, ಅದು ವಾಲ್ವ್ ತೆರೆಯುತ್ತದೆ. ಆಚೆ ಬದಿಯ ಗಾಳಿ ಸ್ಪ್ರಿಂಗಿನ ಬಲಕ್ಕೆ ಸಮನಾದ ಕೂಡಲೇ ಡಯಾಫ್ರಾಮ್ ಹಿಂದೆ ಸರಿದು ವಾಲ್ವ್ ಮುಚ್ಚಬೇಕು. ವಾಲ್ವ್ ಕೂರುವ ಸೀಟಿನ ಮೇಲೆ ಒಂದು ಕಣ ಕಸ ಕೂತರೂ ಸಾಕು, ಪೂರ್ತಿ ಮುಚ್ಚುವುದಿಲ್ಲ. ಆಗ ಮುಳ್ಳು 30ರಿಂದ 32, 35, 40 ಅಂತ ತೆವಳುತ್ತದೆ.

ನಮ್ಮಲ್ಲಿ ಒಂದು ಕಾರಿನ ಬಾಗಿಲು ಹಾಳಾಗಿದ್ದು ಹೀಗೇ. ಪೇಂಟರ್ 30ಕ್ಕೆ ಇಟ್ಟು ಟೀ ಕುಡಿಯಲು ಹೋದ. ಬಂದು ಗನ್ ಒತ್ತಿದರೆ ಮೊದಲ ಕೋಟೇ ಮರಳು ಕಾಗದದಂತೆ ಒರಟು. ‘ಇಟ್ಟಿದ್ದು ಮೂವತ್ತೇ ಅಣ್ಣಾ’ ಅಂತ ಆಣೆ ಹಾಕಿದ. ಸುಳ್ಳೇನಲ್ಲ, ಇಟ್ಟಾಗ ಮೂವತ್ತೇ ಇತ್ತು.

ಈ ಪರೀಕ್ಷೆಯನ್ನು ಕಾಕ್ ಮುಚ್ಚಿಯೇ ಮಾಡಿ. ಪೈಪಿನಲ್ಲಿ ಸಣ್ಣ ಸೋರಿಕೆಯಿದ್ದರೆ ಹೆಚ್ಚಾದ ಗಾಳಿ ಅಲ್ಲಿಂದಲೇ ಹೋಗಿ ಮುಳ್ಳು ಸಾಧುವಿನಂತೆ ನಿಂತಿರುತ್ತದೆ. ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕುತ್ತದೆ.

5. ಈಗ ಗಾಳಿ ಹರಿಸಿ ನೋಡಿ
ಕಾಕ್ ತೆರೆದು ಬ್ಲೋ ಗನ್ ಒತ್ತಿ ಹಿಡಿಯಿರಿ, ಕೈ ಮೈಗೆ ಮಾತ್ರ ಗುರಿ ಇಡಬೇಡಿ. ಮುಳ್ಳು ಕೊಂಚ ಇಳಿದು ಒಂದೆಡೆ ನಿಂತರೆ ಅದು ಸಹಜ, ಬಿಟ್ಟಾಗ ಮೊದಲಿನ ಜಾಗಕ್ಕೆ ಬರಬೇಕು. ಟ್ಯಾಂಕ್ ತುಂಬಿದ್ದರೂ 30ರಿಂದ 10ಕ್ಕೆ ಕುಸಿದರೆ ಫಿಲ್ಟರ್ ಕಟ್ಟಿದೆ, ಅಥವಾ ವಾಲ್ವ್ ಪೂರ್ತಿ ತೆರೆಯುತ್ತಿಲ್ಲ. ಮುಳ್ಳು ಗಟ್ಟಿಯಾಗಿ ನಿಂತು ಗನ್ನಿನಲ್ಲಿ ಮಾತ್ರ ದಮ್ಮಿಲ್ಲದಿದ್ದರೆ ರೆಗ್ಯುಲೇಟರ್ ನಿರಪರಾಧಿ, ಪೈಪ್ ಸಣ್ಣದಾಗಿದೆ ಇಲ್ಲವೇ ಎಲ್ಲೋ ಮಡಚಿಕೊಂಡಿದೆ. ಪೇಂಟಿನ ಪ್ರೆಷರನ್ನು ಗನ್ ಒತ್ತಿ ಹಿಡಿದೇ ಹೊಂದಿಸಬೇಕು ಅನ್ನುವುದೂ ಈ ಇಳಿತದ ಕಾರಣಕ್ಕೇ.

6. ಇಳಿಸುವಾಗ ಕಿವಿ ಕೊಡಿ
ಕಾಕ್ ಮುಚ್ಚಿ ತಿರುಪನ್ನು ಹಿಂದಕ್ಕೆ ತಿರುಗಿಸಿದಾಗ ಕೆಲವು ರೆಗ್ಯುಲೇಟರ್‌ಗಳು ಪಕ್ಕದ ಕಿರುರಂಧ್ರದಿಂದ ಬುಸ್ ಎಂದು ಗಾಳಿ ಬಿಟ್ಟು ಮುಳ್ಳನ್ನು ಇಳಿಸುತ್ತವೆ. ಇನ್ನು ಕೆಲವು ಕಾಕ್ ತೆರೆದು ಬ್ಲೋ ಗನ್ ಒತ್ತುವ ತನಕ ಇಳಿಯುವುದಿಲ್ಲ. ಎರಡೂ ಸರಿಯೇ, ಮಾದರಿ ಬೇರೆ ಅಷ್ಟೆ. ಸರಿಯಲ್ಲದ್ದು ಸದಾ ಬುಸುಗುಟ್ಟುವುದು. ಅನುಮಾನವಿದ್ದರೆ ತಿರುಪಿನ ಬುಡಕ್ಕೂ ರಂಧ್ರಕ್ಕೂ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ತಿರುಪನ್ನು ಪೂರ್ತಿ ಸಡಿಲಿಸಿ. ಒಳಗಿದ್ದ ಗಾಳಿ ಹೋದ ಮೇಲೆ ಗುಳ್ಳೆ ನಿಂತರೆ ಡಯಾಫ್ರಾಮ್ ಹರಿದಿರುವ ಸಾಧ್ಯತೆಯೇ ಹೆಚ್ಚು. ಆಮೇಲೂ ಬರುತ್ತಲೇ ಇದ್ದರೆ ಸೀಟ್ ಸೋರುತ್ತಿದೆ.

7. ಬಿಚ್ಚುವ ಮುಂಚೆ ಟ್ಯಾಂಕ್ ಖಾಲಿ ಮಾಡಿ
ಇದರಲ್ಲಿ ರಿಯಾಯಿತಿ ಇಲ್ಲ. ಸೇಫ್ಟಿ ವಾಲ್ವಿನ ತಂಟೆಗಂತೂ ಹೋಗಲೇಬೇಡಿ. ಒಳ್ಳೆಯ ರೆಗ್ಯುಲೇಟರ್‌ಗಳಿಗೆ ರಬ್ಬರ್, ಸೀಟ್ ಇರುವ ಕಿಟ್ ಸಿಗುತ್ತದೆ. ಅಗ್ಗದ್ದಾದರೆ ಹೊಸದನ್ನೇ ತನ್ನಿ. ಕೂರಿಸುವಾಗ ಮೈಮೇಲಿನ ಬಾಣ ಗಾಳಿ ಹರಿಯುವ ದಿಕ್ಕಿಗಿರಲಿ. ಟೆಫ್ಲಾನ್ ಟೇಪನ್ನು ಮೊದಲ ಒಂದೆರಡು ಥ್ರೆಡ್ ಬಿಟ್ಟು ಸುತ್ತಿ.

ಆ ಬಾಗಿಲು ಕೆಡಿಸಿದ ರೆಗ್ಯುಲೇಟರನ್ನು ನಾವು ಸಂಜೆ ಬಿಚ್ಚಿದೆವು. ಸೀಟಿನ ಮೇಲೆ ಉಗುರಿನಷ್ಟುದ್ದದ ಬಿಳಿ ಎಳೆಯೊಂದು ಮಡಚಿ ಕೂತಿತ್ತು, ಟೆಫ್ಲಾನ್ ಟೇಪಿನ ಚೂರು. ಪೇಂಟರ್ ನನ್ನ ಮುಖ ನೋಡಿದ. ಹಿಂದಿನ ವಾರ ಆ ಟೇಪ್ ಸುತ್ತಿದ್ದವನು ನಾನೇ.