ಎಡಬಲ ಬದಲಾದ ದೇಹ

ಮನುಷ್ಯದೇಹವನ್ನು ಹೊರಗಿನಿಂದ ನೋಡಿದರೆ ಎಡಬಲಗಳು ಒಂದಕ್ಕೊಂದು ಸಮನಾಗಿ ತೋರುತ್ತವೆ. ಒಳಗಿನ ಏರ್ಪಾಡು ಹಾಗಿಲ್ಲ. ಹೃದಯದ ತುದಿ ಎಡಕ್ಕೆ ವಾಲಿದೆ. ಜಠರವೂ ಗುಲ್ಮವೂ ಎಡದಲ್ಲಿವೆ. ಯಕೃತ್ತು ಮತ್ತು ಅದರ ಅಡಿಯಲ್ಲಿ ಅಂಟಿಕೊಂಡಿರುವ ಪಿತ್ತಕೋಶ ಬಲದಲ್ಲಿವೆ. ಆದರೆ ಸುಮಾರು 10,000 ಜನರಲ್ಲಿ ಒಬ್ಬರಿಗೆ ಈ ಏರ್ಪಾಡೆಲ್ಲ ಕನ್ನಡಿಯೊಳಗಿನ ಬಿಂಬದಂತೆ ಅದಲುಬದಲಾಗಿರುತ್ತದೆ. ಇದನ್ನು ವೈದ್ಯರು ‘ಸೈಟಸ್ ಇನ್‌ವರ್ಸಸ್’ ಎನ್ನುತ್ತಾರೆ. ಮ್ಯಾಥ್ಯೂ ಬೇಯ್ಲಿ ಎಂಬ ವೈದ್ಯನು 1788ರಲ್ಲಿಯೇ ಇಂತಹ ದೇಹವೊಂದನ್ನು ವಿವರವಾಗಿ ವರ್ಣಿಸಿದ್ದನು.

ಇದು ತಾನಾಗಿ ಒಂದು ರೋಗವಲ್ಲ. ಅಂಗಗಳೆಲ್ಲವೂ ಒಟ್ಟಾಗಿ ಸ್ಥಾನ ಬದಲಿಸಿರುವುದರಿಂದ ಅವುಗಳ ಪರಸ್ಪರ ಸಂಬಂಧ ಕೆಡುವುದಿಲ್ಲ. ಇಂತಹವರಲ್ಲಿ ಅನೇಕರು ತಮ್ಮ ಈ ವಿಶೇಷವನ್ನು ಅರಿಯದೆಯೇ ಬಾಳುತ್ತಾರೆ. ತೊಡಕು ಎದುರಾಗುವುದು ಕಾಯಿಲೆ ಬಂದಾಗ. ಪಿತ್ತಕೋಶದಲ್ಲಿ ಕಲ್ಲುಗಳಾದರೆ ನೋವು ಸಾಮಾನ್ಯವಾಗಿ ಹೊಟ್ಟೆಯ ಬಲ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಇವರಿಗಾದರೋ ಹಲವು ವೇಳೆ ಎಡದಲ್ಲಿ. ಆಗ ವೈದ್ಯರ ಊಹೆ ಬೇರೆ ರೋಗದ ಕಡೆಗೆ ಹರಿಯಬಹುದು. ಎದೆಯ ಎಕ್ಸ್-ರೇ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ನಿಜಸ್ಥಿತಿಯನ್ನು ತಿಳಿಸುತ್ತವೆ.

ಪಿತ್ತಕೋಶವನ್ನು ಮೊತ್ತಮೊದಲು ಕೊಯ್ದು ತೆಗೆದವನು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್. ಅದು 1882ರ ಮಾತು. ಹೊಟ್ಟೆಯನ್ನು ಅಗಲವಾಗಿ ತೆರೆಯದೆ, ಚಿಕ್ಕ ರಂಧ್ರಗಳ ಮೂಲಕವೇ ಆ ಕೆಲಸವನ್ನು ಸಾಧಿಸಿದವರು ಜರ್ಮನಿಯ ಎರಿಶ್ ಮ್ಯೂಹೆ, 1985ರಲ್ಲಿ. ನಮ್ಮ ದೇಶದಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು 1990ರಲ್ಲಿ ಇದಕ್ಕೆ ನಾಂದಿ ಹಾಡಿದರು. ಎಡಬಲ ಬದಲಾದ ರೋಗಿಯೊಬ್ಬರಿಗೆ ಇದೇ ವಿಧಾನದ ಚಿಕಿತ್ಸೆ ನಡೆದ ವರದಿ 1991ರಲ್ಲಿ ಪ್ರಕಟವಾಯಿತು.

ಈ ಶಸ್ತ್ರಕ್ರಿಯೆಯಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದಿಂದ ಹೊಟ್ಟೆಯನ್ನು ಉಬ್ಬಿಸಿ, ಹೊಕ್ಕುಳಿನ ಬಳಿ ಕ್ಯಾಮೆರಾವನ್ನು ಇಳಿಸುತ್ತಾರೆ. ಸಾಮಾನ್ಯವಾಗಿ ಶಸ್ತ್ರವೈದ್ಯರು ರೋಗಿಯ ಎಡಕ್ಕೆ ನಿಂತು, ಬಲಕ್ಕಿರುವ ಪರದೆಯನ್ನು ನೋಡುತ್ತ, ಎಡಗೈಯಿಂದ ಪಿತ್ತಕೋಶವನ್ನು ಹಿಡಿದು ಬಲಗೈಯಿಂದ ಬಿಡಿಸುತ್ತಾರೆ. ಅಂಗಗಳು ತಿರುಗಿದ್ದರೆ ವೈದ್ಯರೂ ಪರದೆಯೂ ರಂಧ್ರಗಳೂ ಎದುರು ಬದಿಗೆ ಬರಬೇಕು. ಇಷ್ಟರಿಂದ ಕಷ್ಟ ತೀರುವುದಿಲ್ಲ. ಕೋಣೆಯನ್ನು ತಿರುಗಿಸಬಹುದು, ಕೈಯನ್ನು ತಿರುಗಿಸಲಾಗದು! ಬಲಗೈ ರೂಢಿಯವರು ಸೂಕ್ಷ್ಮ ಕೆಲಸವನ್ನು ಎಡಗೈಯಿಂದ ಮಾಡಬೇಕಾಗುತ್ತದೆ; ಇಲ್ಲವೆ ಕೈಗಳು ಅಡ್ಡಾದಿಡ್ಡಿಯಾಗುತ್ತವೆ. ಅರ್ಜುನನಂತೆ ಎಲ್ಲರೂ ಸವ್ಯಸಾಚಿಗಳಲ್ಲವಷ್ಟೆ. ಆದುದರಿಂದ ಕೆಲವರು ಪಿತ್ತಕೋಶವನ್ನು ಹಿಡಿಯುವ ಕೆಲಸವನ್ನು ಸಹಾಯಕರಿಗೆ ವಹಿಸಿ, ತಮ್ಮ ಬಲಗೈಯನ್ನು ಬಿಡಿಸುವ ಕಾರ್ಯಕ್ಕೆ ಉಳಿಸಿಕೊಳ್ಳುತ್ತಾರೆ. ಮತ್ತೆ ಕೆಲವರು ರೋಗಿಯ ಕಾಲುಗಳ ನಡುವೆ ನಿಂತು ಕೆಲಸ ಮಾಡುತ್ತಾರೆ. ಎಡಚರಾದ ವೈದ್ಯರಿಗೆ ಇಲ್ಲಿ ಹೆಚ್ಚಿನ ಅನುಕೂಲವುಂಟು.

ಇಷ್ಟೊಂದು ಎಚ್ಚರಿಕೆ ಏತಕ್ಕೆ? ಪಿತ್ತಕೋಶದ ಕಿರುನಾಳವನ್ನು ಕತ್ತರಿಸಬೇಕು. ಅದರ ಪಕ್ಕದಲ್ಲಿಯೇ ಯಕೃತ್ತಿನಿಂದ ಕರುಳಿಗೆ ಪಿತ್ತರಸವನ್ನು ಒಯ್ಯುವ ಮುಖ್ಯನಾಳವಿದೆ. ಒಂದನ್ನು ಇನ್ನೊಂದೆಂದು ಭ್ರಮಿಸಿ ಕತ್ತರಿಸಿದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ನೂರಾರು ಸಲ ಒಂದೇ ನೋಟವನ್ನು ಕಂಡ ಕಣ್ಣು, ತಿರುಗಿದ ನೋಟದಲ್ಲಿಯೂ ಹಳೆಯದನ್ನೇ ಅರಸುತ್ತದೆ. ಆದಕಾರಣ ಪಿತ್ತಕೋಶಕ್ಕೆ ಸೇರುವುದು ಒಂದು ನಾಳ, ಒಂದು ರಕ್ತನಾಳ, ಈ ಎರಡೇ ಎಂಬುದನ್ನು ಸ್ಪಷ್ಟವಾಗಿ ಬಿಡಿಸಿ ಕಾಣುವವರೆಗೆ ಯಾವುದನ್ನೂ ಕತ್ತರಿಸಬಾರದೆಂಬುದು ನಿಯಮ. ಎಲ್ಲ ರೋಗಿಗಳಿಗೂ ಅನ್ವಯಿಸುವ ನಿಯಮವಿದು. ಇಲ್ಲಿ ಅದರ ಬೆಲೆ ಇಮ್ಮಡಿಯಾಗುತ್ತದೆ.

ಅಭ್ಯಾಸವು ಕೈಗೆ ಚುರುಕನ್ನು ಕೊಡುತ್ತದೆ, ನಿಜ. ಆದರೆ ಎದುರಿಗಿರುವ ದೇಹ ರೂಢಿಯಂತಿಲ್ಲದಿರುವಾಗ, ಕೈಯನ್ನು ತಡೆದು ಮತ್ತೊಮ್ಮೆ ನೋಡುವ ತಾಳ್ಮೆಯೇ ರೋಗಿಯನ್ನು ಕಾಯುತ್ತದೆ.